ಹನ್ನೊಂದನೆಯ ಹೆಸರು

"ಅದು ಸ್ಟೂಲು ಕಣೇ, ಹಸು ಅಲ್ಲ. ಎಲ್ಲೂ ಓಡಿಹೋಗಲ್ಲ. ನಿಧಾನವಾಗಿ ಎಸಿ," ಎಂದಳು ಮೊಳೆ.

ಅವಳ ಗೆಳತಿ ರೇಡಿಯೋ ಕಣ್ಣು ಕಿರಿದು ಮಾಡಿ, ಹಗ್ಗದ ಕುಣಿಕೆಯನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಎಸೆದಳು. ಕುಣಿಕೆ ಸ್ಟೂಲಿನ ಹತ್ತಿರವೂ ಹೋಗಲಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಮೊಳೆಯ ಅಪ್ಪನ ಕೊರಳಿಗೆ ಹೋಗಿ ಬಿತ್ತು.

ಅವರು ಮಷೀನು ನಿಲ್ಲಿಸಿ ಎರಡೂ ಕೈ ಮೇಲೆತ್ತಿದರು. "ಸರಿಯಮ್ಮ, ಸಿಕ್ಕಿಬಿದ್ದೆ. ಜೈಲಿಗೆ ಹಾಕೋ ಮುಂಚೆ ಒಂದು ಲೋಟ ಟೀ ಕೊಡಿಸಿಬಿಡಿ."

ಹುಡುಗಿಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದು ಸೋಫಾ ರಿಪೇರಿ ಅಂಗಡಿ. ಮೂರು ಮಹಡಿಯ ಕಟ್ಟಡದ ಕೆಳಗಿತ್ತು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಹಳೆಯ ಕುರ್ಚಿಗಳು, ಫೋಮಿನ ಹಾಳೆಗಳು, ಸುತ್ತಿಟ್ಟ ರೆಕ್ಸಿನ್. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಮೊಳೆಯ ಮನೆ. ಮೂರನೆಯ ಮಹಡಿಯಲ್ಲಿ ರೇಡಿಯೋಳ ಮನೆ.

ಮೊಳೆಯ ಅಪ್ಪನನ್ನು ರೇಡಿಯೋ ಸೋಫಾ ಮಾಮ ಎಂದು ಕರೆಯುತ್ತಿದ್ದಳು. ಮಗಳು ಕಡ್ಡಿಯಂತೆ ಸಣ್ಣಗಿದ್ದಾಳೆಂದು ಮೊಳೆ ಎಂಬ ಹೆಸರು ಕೊಟ್ಟವರು ಅವರೇ. ಕುರ್ಚಿಗೆ ಬಟ್ಟೆ ಬಡಿಯುವಾಗ ಅವರು "ಮೊಳೆ, ಮೊಳೆ ಕೊಡು" ಎಂದರೆ ಗಿರಾಕಿಗಳಿಗೆ ಏನೂ ಅರ್ಥವಾಗುತ್ತಿರಲಿಲ್ಲ. ರೇಡಿಯೋಗೆ ಆ ಹೆಸರಿಟ್ಟವಳು ಮೊಳೆ. ಏಕೆಂದರೆ ಅವಳ ಬಾಯಿಗೆ ಸ್ವಿಚ್ಚೇ ಇರಲಿಲ್ಲ.

ಇನ್ನು ಮೂರು ವಾರಕ್ಕೆ ರೇಡಿಯೋಗೆ ಹತ್ತು ವರ್ಷ ತುಂಬುತ್ತಿತ್ತು. ಟೆರೇಸಿನ ಮೇಲೆ ಕೌಬಾಯ್ ಪಾರ್ಟಿ ಮಾಡಬೇಕು ಎಂಬ ಐಡಿಯಾ ಮೊಳೆಯದು. ಮೊಳೆಯ ಹತ್ತಿರ ಹಳೆಯ ನೋಟ್‌ಬುಕ್ ಒಂದಿತ್ತು. ಅದರ ಮೊದಲ ಪುಟದಲ್ಲಿ ರಟ್ಟಿನ ಟೋಪಿಯ ಚಿತ್ರ. ಎರಡನೆಯದರಲ್ಲಿ ಪೊರಕೆ ಕೋಲಿಗೆ ಫೋಮಿನ ತಲೆ ಕಟ್ಟಿದ ಕುದುರೆ. ಮೂರನೆಯದರಲ್ಲಿ ಆಟಗಳು: ಕುಣಿಕೆ ಎಸೆಯುವುದು, ಕುದುರೆ ರೇಸು, ಅಡಗಿಸಿಟ್ಟ ಚಿನ್ನ ಹುಡುಕುವುದು. ಕೊನೆಯ ಪುಟದಲ್ಲಿ ಬರುವವರ ಹೆಸರು. ಹತ್ತು ಹೆಸರು ರೇಡಿಯೋ ಹೇಳಿದ್ದು. ಹನ್ನೊಂದನೆಯದು ಮೊಳೆಯದು. ಅದನ್ನು ಬರೆಯುವಾಗ ಅವಳು "ನಾನಂತೂ ಇದ್ದೇ ಇರ್ತೀನಲ್ಲ, ಆದರೂ ಲೆಕ್ಕಕ್ಕಿರಲಿ" ಎಂದಿದ್ದಳು.

"ಮಾಮ, ಕೌಬಾಯ್‌ಗೆ ತೋಳಿಲ್ಲದ ಕೋಟು ಇರುತ್ತಲ್ಲ, ಅದು ರೆಕ್ಸಿನ್‌ನಲ್ಲಿ ಆಗುತ್ತಾ?" ಎಂದು ರೇಡಿಯೋ ಕೇಳಿದಳು.

ಸೋಫಾ ಮಾಮ ಮೂಲೆಯಲ್ಲಿ ಬಿದ್ದಿದ್ದ ಕಂದು ತುಂಡುಗಳ ರಾಶಿಯನ್ನು ನೋಡಿದರು. "ಸೋಫಾಗೇ ಕೋಟು ಹೊಲಿಯೋನು ನಾನು. ನಿಮ್ಮಂಥ ಚೋಟುದ್ದದವರಿಗೆ ಹೊಲಿಯೋಕಾಗಲ್ವಾ? ಎಷ್ಟು ಬೇಕು?"

"ಹನ್ನೆರಡು," ಎಂದಳು ಮೊಳೆ. "ಇವಳದೂ ಸೇರಿ."

ಅಂದಿನಿಂದ ದಿನದ ಕೆಲಸ ಮುಗಿದ ಮೇಲೆ ಸೋಫಾ ಮಾಮ ಕೋಟು ಹೊಲಿಯತೊಡಗಿದರು. ತುಂಡುಗಳು ಸಣ್ಣವು, ಹಾಗಾಗಿ ಎಲ್ಲವನ್ನೂ ಜೋಡಿಸಬೇಕಿತ್ತು. ಅಂಚಿಗೆ ಮೊಳೆ ದಬ್ಬಳದಲ್ಲಿ ದಪ್ಪ ದಾರದ ಹೊಲಿಗೆ ಹಾಕುತ್ತಿದ್ದಳು. ರೇಡಿಯೋ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಳು.

ಶಾಲೆಯಲ್ಲೂ ಅವಳು ಮಾತಾಡಿದಳು. ಮೊಳೆ ಓದುತ್ತಿದ್ದದ್ದು ಬೇರೆ ಶಾಲೆ. ಊಟದ ಬೆಲ್ಲು ಹೊಡೆದಾಗ ರೇಡಿಯೋ ಕುದುರೆ ರೇಸಿನ ಬಗ್ಗೆ ಹೇಳುತ್ತಿದ್ದರೆ ಕ್ಲಾಸ್ ಲೀಡರ್ ಹುಡುಗಿ ಡಬ್ಬಿ ಮುಚ್ಚುತ್ತಾ ಕೇಳಿದಳು, "ಟೆರೇಸ್ ಮೇಲಾ? ಹಾಲ್ ಇಲ್ವಾ?"

"ಟೆರೇಸ್ ತುಂಬಾ ದೊಡ್ಡದು."

"ನೀರಿನ ಟ್ಯಾಂಕ್ ಇರೋ ಜಾಗದಲ್ಲಾ?" ಲೀಡರ್ ಕೆಟ್ಟದಾಗೇನೂ ಕೇಳಲಿಲ್ಲ. ಸುಮ್ಮನೆ ಕೇಳಿದಳು. ಆದರೆ ಬೆಂಚಿನಲ್ಲಿದ್ದ ಇಬ್ಬರು ನಕ್ಕರು.

ರೇಡಿಯೋಳ ಕಿವಿ ಬಿಸಿಯಾಯಿತು. "ಇಲ್ಲಪ್ಪ, ತಮಾಷೆಗೆ ಹೇಳಿದೆ. ಹಾಲ್‌ನಲ್ಲೇ," ಎಂದುಬಿಟ್ಟಳು.

ಆಮೇಲೆ ಮನೆಯಲ್ಲಿ ಎರಡು ದಿನ ಹಟ ಮಾಡಿದಳು. ಮೂರನೆಯ ದಿನ ಅಮ್ಮ ಒಪ್ಪಿದರು. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿಗೆ ಬರುವ ಒಬ್ಬರದೇ ಮಕ್ಕಳ ಪಾರ್ಟಿ ಹಾಲ್ ಇತ್ತು.

"ಫೋನ್ ಮಾಡಿದ್ದೆ. ಕೌಬಾಯ್ ಥೀಮ್ ಅವರ ಹತ್ತಿರಾನೇ ಇದೆಯಂತೆ," ಎಂದರು ಅಮ್ಮ. "ಆದರೆ ಹತ್ತೇ ಮಕ್ಕಳು. ನಿನ್ನನ್ನ ಬಿಟ್ಟು ಹತ್ತು. ಅದಕ್ಕಿಂತ ಒಬ್ಬರನ್ನೂ ಸೇರಿಸಲ್ಲ. ನಿನ್ನ ಪಟ್ಟಿಯಲ್ಲಿ ಎಷ್ಟಿದೆ?"

"ಹನ್ನೊಂದು."

"ಹಾಗಾದ್ರೆ ಒಂದು ತೆಗಿ. ಯಾರನ್ನ ಅಂತ ನೀನೇ ನೋಡ್ಕೋ. ನಿನ್ನ ಬರ್ತ್‌ಡೇ."

ರೇಡಿಯೋ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು, ಪೆನ್ಸಿಲ್ ಹಿಡಿದು ಕೂತಳು. ಲೀಡರ್ ಹೆಸರು ಹೊಡೆಯುವ ಹಾಗೇ ಇಲ್ಲ. ಹಾಲ್ ಗೊತ್ತು ಮಾಡಿದ್ದೇ ಅವಳಿಗೋಸ್ಕರ. ಚಿಕ್ಕಪ್ಪನ ಮಗನನ್ನು ಬಿಟ್ಟರೆ ಚಿಕ್ಕಮ್ಮ ಅಮ್ಮನ ಹತ್ತಿರ ಮಾತು ಬಿಡುತ್ತಾರೆ. ಬೆಂಚಿನ ಇಬ್ಬರಲ್ಲಿ ಒಬ್ಬಳನ್ನು ಕರೆದು ಒಬ್ಬಳನ್ನು ಬಿಟ್ಟರೆ ಇಬ್ಬರೂ ಮುನಿಸಿಕೊಳ್ಳುತ್ತಾರೆ. ಪೆನ್ಸಿಲ್ ಒಂದೊಂದೇ ಹೆಸರಿನ ಮೇಲೆ ನಿಂತು ಕೆಳಗೆ ಬಂತು. ಕೊನೆಯ ಹೆಸರಿನ ಮೇಲೆ ನಿಂತಿತು.

ಮೊಳೆ ಜಗಳ ಆಡಲ್ಲ. ಮೊಳೆ ಯಾರೆಂದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊಳೆ ಕೆಳಗೇ ಇರುತ್ತಾಳೆ, ಅವಳ ಜೊತೆ ಯಾವಾಗ ಬೇಕಾದರೂ ಕೇಕ್ ತಿನ್ನಬಹುದು.

ರೇಡಿಯೋ ಒಂದು ಗೆರೆ ಎಳೆದಳು.

ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಅಂಗಡಿಗೆ ಹೋದಾಗ ಮೊಳೆ ಏಳನೆಯ ಕೋಟಿನ ಅಂಚು ಹೊಲಿಯುತ್ತಿದ್ದಳು. ಹೆಬ್ಬೆರಳಿಗೆ ದಬ್ಬಳ ಚುಚ್ಚಿ ಬ್ಯಾಂಡೇಜ್ ಸುತ್ತಿಕೊಂಡಿದ್ದಳು. ಪಾರ್ಟಿ ಹಾಲ್‌ನಲ್ಲಿ ಎಂದಷ್ಟೇ ರೇಡಿಯೋ ಹೇಳಿದಳು.

"ಒಳ್ಳೇದಾಯ್ತು ಬಿಡು. ಟೆರೇಸಲ್ಲಿ ಗಾಳಿ ಬಂದ್ರೆ ಟೋಪಿ ಹಾರಿಹೋಗುತ್ತೆ," ಎಂದಳು ಮೊಳೆ. "ಹಾಲ್ ಎತ್ತರ ಇದೆಯಾ? ಕುಣಿಕೆ ತಿರುಗಿಸೋಕೆ ಎತ್ತರ ಬೇಕು."

"ಇದೆ," ಎಂದಳು ರೇಡಿಯೋ. ಅವಳ ಬಾಯಿಂದ ಮುಂದೆ ಮಾತೇ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಕೋಟುಗಳು ಮುಗಿಯುತ್ತಾ ಹೋದವು.

ಪಾರ್ಟಿಯ ದಿನ, ಶನಿವಾರ ಮಧ್ಯಾಹ್ನ, ರೇಡಿಯೋಳ ಅಪ್ಪ ಕಾರನ್ನು ಕಟ್ಟಡದ ಮುಂದೆ ತಂದು ನಿಲ್ಲಿಸಿದರು. ಅಮ್ಮ ಡಿಕ್ಕಿಯಲ್ಲಿ ಕೇಕಿನ ಡಬ್ಬ ಇಡುತ್ತಿದ್ದರು. ಅಂಗಡಿಯೊಳಗೆ ಮಷೀನು ಓಡುವ ಸದ್ದು ಕೇಳುತ್ತಿತ್ತು.

ಮೊಳೆ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಹೊರಗೆ ಬಂದಳು. ಎಣ್ಣೆ ಹಚ್ಚಿ ಬಾಚಿದ ಕೂದಲು. ಒಗೆದ ಬಿಳಿ ಅಂಗಿ. ಅದರ ಮೇಲೆ ಕಂದು ಕೋಟು. ಹಗ್ಗವನ್ನು ಸುರುಳಿ ಮಾಡಿ ಭುಜಕ್ಕೆ ಹಾಕಿಕೊಂಡಿದ್ದಳು.

"ನಾನು ಹಿಂದೆ ಪೆಟ್ಟಿಗೆ ಜೊತೆ ಕೂರ್ತೀನಿ ಆಂಟಿ," ಎಂದಳು.

ಅಮ್ಮ ಕೇಕಿನ ಡಬ್ಬ ಹಿಡಿದೇ ನಿಂತರು. ಮೊಳೆಯನ್ನು ನೋಡಿ, ಮಗಳ ಕಡೆ ತಿರುಗಿದರು. "ನೀನು ಇವಳಿಗೆ ಹೇಳಿಲ್ವಾ?"

ರೇಡಿಯೋ ತನ್ನ ಶೂಗಳನ್ನು ನೋಡಿಕೊಂಡಳು.

"ಅಲ್ಲಿ ಹತ್ತೇ ಜನ ಅಂದ್ಬಿಟ್ರು ಪುಟ್ಟಾ," ಎಂದರು ಅಮ್ಮ ಮೆಲ್ಲಗೆ. "ಹೆಸರು ಇವಳೇ ಕೊಟ್ಟಿದ್ದು. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಮೊಳೆ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಇಟ್ಟಳು. ಹಗ್ಗ ತೆಗೆದು ಅದರ ಮೇಲಿಟ್ಟಳು. ಆಮೇಲೆ ಕೋಟಿನ ಗುಂಡಿ ಬಿಚ್ಚಿದಳು.

"ಕೊಡೋಕೇ ಬಂದೆ ಆಂಟಿ. ಅಳತೆ ಸರಿಯಿದ್ಯಾ ಅಂತ ಹಾಕಿ ನೋಡ್ದೆ ಅಷ್ಟೆ," ಎಂದಳು. ಕೋಟನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. "ಯಾರಿಗಾದ್ರೂ ದೊಡ್ಡದಾದ್ರೆ ಇದನ್ನ ಕೊಡಿ."

ಬಿಳಿ ಅಂಗಿಯಲ್ಲಿ ಅವಳು ಅಂಗಡಿಯ ಪಕ್ಕದ ಓಣಿಯಿಂದ ಹಿಂಬಾಗಿಲಿನ ಕಡೆ ಹೋದಳು. ಅಪ್ಪ ಹಾರ್ನ್ ಹೊಡೆದರು, ಹೊತ್ತಾಯಿತು ಎಂದು.

ಹಾಲ್‌ನಲ್ಲಿ ಎಲ್ಲವೂ ಮಿರಮಿರ ಮಿಂಚುತ್ತಿತ್ತು. ಪ್ಲಾಸ್ಟಿಕ್ಕಿನ ಕೆಂಪು ಟೋಪಿ, ಕುತ್ತಿಗೆಗೆ ಕರ್ಚೀಫು, ನಕ್ಷತ್ರದ ಬ್ಯಾಡ್ಜು. ಮೈಕ್ ಹಿಡಿದಿದ್ದ ಹಾಲ್‌ನ ಅಣ್ಣ ಅಮ್ಮ ತಂದ ಪೆಟ್ಟಿಗೆಯೊಳಗೆ ಇಣುಕಿ, "ಇದು ಬೇಡ ಮೇಡಂ. ನಮ್ಮ ಸೆಟ್ ಇದೆಯಲ್ಲ. ಫೋಟೋದಲ್ಲಿ ಇದು ಡಲ್ ಆಗುತ್ತೆ" ಎಂದು ಅದನ್ನು ಮೇಜಿನ ಕೆಳಗೆ ತಳ್ಳಿದನು.

ಬಾಗಿಲ ಹತ್ತಿರ ಹತ್ತು ಟೋಪಿ ಸಾಲಾಗಿ ಇಟ್ಟಿದ್ದರು. ಒಬ್ಬೊಬ್ಬರೇ ಬಂದು ಒಂದೊಂದನ್ನು ತೆಗೆದುಕೊಂಡರು. ಕೇಕ್ ಕತ್ತರಿಸುವ ಹೊತ್ತಾದರೂ ಒಂದು ಟೋಪಿ ಅಲ್ಲೇ ಉಳಿದಿತ್ತು.

"ಲೀಡರ್ ಎಲ್ಲಿ?" ಎಂದು ರೇಡಿಯೋ ಕೇಳಿದಳು.

"ಅವಳು ಬರಲ್ವಂತೆ ಕಣೇ. ಅವರತ್ತೆ ಮನೆಗೆ ಹೋಗ್ತೀನಿ ಅಂತ ನಿನ್ನೆನೇ ಹೇಳಿದ್ಳು," ಎಂದಳು ಬೆಂಚಿನ ಹುಡುಗಿ ಚಿಪ್ಸ್ ಜಗಿಯುತ್ತಾ. "ನಿನಗೆ ಹೇಳಿಲ್ವಾ?"

ಕೇಕ್ ಆದ ಮೇಲೆ ಚಿಕ್ಕಪ್ಪನ ಮಗ ಮೇಜಿನ ಕೆಳಗೆ ತೂರಿ ಹಗ್ಗ ಎಳೆದು ತಂದ. ಎಲ್ಲರೂ ಒಂದೊಂದು ಸಲ ಎಸೆದರು. ಯಾರಿಗೂ ಬರಲಿಲ್ಲ. ಬೇಸರವಾಗಿ ಬಿಟ್ಟುಬಿಟ್ಟರು. ಬೆಂಚಿನ ಹುಡುಗಿ ಪೆಟ್ಟಿಗೆಯಿಂದ ಒಂದು ಕೋಟು ಎತ್ತಿ ಮೂಸಿ ನೋಡಿದಳು.

"ಥೂ, ಗೋಂದಿನ ವಾಸನೆ. ಯಾರು ಹೊಲಿದಿದ್ದೇ ಇದು?"

"ಯಾರೋ ಅಂಗಡಿಯವರು," ಎಂದಳು ರೇಡಿಯೋ.

ಗೆಳತಿಯ ಕೈಯಿಂದ ಕೋಟು ತೆಗೆದುಕೊಂಡು, ಮಡಚಿ ಪೆಟ್ಟಿಗೆಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಅವಳು ಒಂದು ತಟ್ಟೆಯಲ್ಲಿ ಎರಡು ತುಂಡು ಕೇಕ್ ಇಟ್ಟುಕೊಂಡು ಕೆಳಗಿಳಿದಳು. ರಾತ್ರಿಯೆಲ್ಲ ಯೋಚಿಸಿದ್ದಳು. ಎಲ್ಲವನ್ನೂ ಹೇಳಿಬಿಡುವುದು. ಮೊಳೆ ಬೈಯಲಿ, ಒಂದು ಏಟು ಕೊಟ್ಟರೂ ಸರಿ. ಆಮೇಲೆ ಎಲ್ಲ ಮೊದಲಿನ ಹಾಗಾಗುತ್ತದೆ.

ಸೋಫಾ ಮಾಮ ಒಂದು ಕುರ್ಚಿಯ ಸ್ಪ್ರಿಂಗ್ ಕಟ್ಟುತ್ತಿದ್ದರು. ಮೊಳೆ ನೆಲದ ಮೇಲೆ ಕೂತು ಇನ್ನೊಂದು ಕುರ್ಚಿಯ ಹಳೆಯ ಬಟ್ಟೆ ಕೀಳುತ್ತಿದ್ದಳು.

"ಬಾರಮ್ಮ ರೇಡಿಯೋ," ಎಂದರು ಸೋಫಾ ಮಾಮ. "ಬೇಜಾರು ಮಾಡ್ಕೊಂಡ್ಯಾ? ಹೊರಡೋ ಹೊತ್ತಿಗೆ ಸರಿಯಾಗಿ ಇವಳಿಗೆ ಹೊಟ್ಟೆನೋವು ಬಂದ್ಬಿಡ್ತು ನೋಡು. ನಿನ್ನ ಬರ್ತ್‌ಡೇಗೆ ಇವಳೇ ಇಲ್ಲ ಅಂದ್ರೆ ಹೇಗೆ. ನಾನಂತೂ ಬೈದೆ."

ರೇಡಿಯೋ ಮೊಳೆಯ ಕಡೆ ನೋಡಿದಳು. ಮೊಳೆ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು. ಗಾಡಿಯಲ್ಲಿ ಹಳೆಯ ಸೋಫಾ ಬಂದಿತ್ತು. ಸೋಫಾ ಮಾಮ ಅದನ್ನು ಇಳಿಸಿಕೊಳ್ಳಲು ಹೋದರು.

ರೇಡಿಯೋ ಮೊಳೆಯ ಎದುರು ಕುಕ್ಕರುಗಾಲಲ್ಲಿ ಕೂತಳು. ಒಂದೇ ಉಸಿರಿಗೆ ಹೇಳಿದಳು. ತಾನೇ ಗೆರೆ ಎಳೆದದ್ದು, ಲೀಡರ್ ಬಾರದೇ ಇದ್ದದ್ದು, ಒಂದು ಟೋಪಿ ಉಳಿದದ್ದು, ಕೋಟು ಯಾರೂ ಹಾಕದಿದ್ದದ್ದು. ಯಾರೋ ಅಂಗಡಿಯವರು ಎಂದು ತಾನು ಅಂದದ್ದನ್ನೂ ಬಿಡಲಿಲ್ಲ. "ತಪ್ಪಾಯ್ತು ಕಣೇ," ಎಂದಳು.

ಮೊಳೆ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಒಂದು ಮಾತು ಮಾತ್ರ ಕೇಳಿದಳು.

"ಒಬ್ಬರೂ ಹಾಕಲಿಲ್ವಾ?"

"ಇಲ್ಲ."

ಮೊಳೆ ಬಾಗಿಲ ಕಡೆ ನೋಡಿದಳು. ಹೊರಗೆ ಅವಳ ಅಪ್ಪ ಸೋಫಾದ ಒಂದು ಕಡೆ ಹಿಡಿದು, ಗಾಡಿಯವನಿಗೆ "ನಿಧಾನ, ನಿಧಾನ" ಎನ್ನುತ್ತಿದ್ದರು.

"ಅಪ್ಪಂಗೆ ಹೇಳಬೇಡ," ಎಂದಳು.

ಸೋಫಾ ಮಾಮ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಸ್ಟೂಲು ಎಳೆದುಕೊಂಡು ಕೂತು, ತಟ್ಟೆಯಿಂದ ಕೇಕಿನ ಒಂದು ತುಂಡು ತೆಗೆದುಕೊಂಡರು.

"ಈಗ ಹೇಳು. ಕೋಟು ಹೇಗಿತ್ತಂತೆ? ಎಲ್ಲರಿಗೂ ಸರಿಹೋಯ್ತಾ?"

ರೇಡಿಯೋ ಬಾಯಿ ತೆರೆದಳು.

"ಹೂಂ ಮಾಮ. ಎಲ್ಲರೂ ಹಾಕ್ಕೊಂಡ್ರು."

"ಹೌದಾ?" ಅವರ ಮುಖ ಅರಳಿತು. "ಫೋಟೋ ತೆಗೆದ್ರಾ?"

"ತೆಗೆದ್ರು. ಎಲ್ಲಿ ಮಾಡಿಸಿದ್ದು ಅಂತ ಕೇಳಿದ್ರು. ಸೋಫಾ ಮಾಮ ಅಂದೆ."

"ಅಯ್ಯೋ, ಅದೇನು ಮಹಾ. ತುಂಡು ಬಟ್ಟೆ," ಎಂದರು ಅವರು. ಆದರೂ ಕೇಕ್ ತಿನ್ನುವುದನ್ನು ಬಿಟ್ಟು ಕಾದು ಕೂತರು, ಇನ್ನೂ ಏನಾದರೂ ಹೇಳುತ್ತಾಳೆ ಎಂದು.

"ಒಬ್ಬ ಹುಡುಗನಿಗೆ ಮಾತ್ರ ತೋಳಿನ ಹತ್ರ ಬಿಗಿಯಾಯ್ತಂತೆ ಅಪ್ಪ," ಎಂದಳು ಮೊಳೆ, ಬಟ್ಟೆ ಕೀಳುತ್ತಲೇ. "ಅವನು ಸ್ವಲ್ಪ ದಪ್ಪ ಅಂತೆ."

"ನಾನು ಅಂದ್ಕೊಂಡೆ," ಎಂದರು ಸೋಫಾ ಮಾಮ ನಗುತ್ತಾ. "ಎರಡಿಂಚು ಬಿಡಬೇಕಿತ್ತು."

ರೇಡಿಯೋ ಮೊಳೆಯ ಮುಖ ನೋಡಿದಳು. ಒಂದು ಕಣ್ಣೋಟ, ಒಂದು ಸಣ್ಣ ನಗು ಸಿಗಬಹುದೇನೋ ಎಂದು ನೋಡಿದಳು. ಮೊಳೆ ಅವಳ ಕಡೆ ತಿರುಗಲೇ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು, ಅವರು ಪೂರ್ತಿ ನಂಬಿದರೋ ಇಲ್ಲವೋ ಎಂದು.

ಮೊಳೆ ಹೇಳಿದ ಸುಳ್ಳು ತನಗೋಸ್ಕರ ಅಲ್ಲ ಎಂದು ರೇಡಿಯೋಗೆ ಗೊತ್ತಾಯಿತು.

ತಟ್ಟೆಯಲ್ಲಿ ಇನ್ನೊಂದು ತುಂಡು ಹಾಗೇ ಇತ್ತು. ಅವಳು ಅದನ್ನು ಸ್ಟೂಲಿನ ಪಕ್ಕದಲ್ಲಿಟ್ಟು, ಮೆಟ್ಟಿಲು ಹತ್ತಿ ಮನೆಗೆ ಹೋದಳು.