ಬೆಳಕಿಂಡಿಯ ಮುಚ್ಚಳ

ಕೋಣೆಯ ಕೀಲಿ ಕೊಡುವ ಮೊದಲು ಗೊಲ್ಲಾಳಮ್ಮ ಮಾಳಿಗೆಯ ಕಡೆ ಬೆರಳು ತೋರಿಸಿದಳು.

“ಆ ಕಿಂಡಿ ಒಂದು ಮುಚ್ಚಬ್ಯಾಡ ತಂಗಿ. ಮಳಿ ಬಂದ್ರ ಕೆಳಗ ಬೋಗುಣಿ ಇಡು. ಬಿಸಲು ಮಾತ್ರ ಒಳಗ ಬರ್ಲಿ.”

ಅರ್ಜುಮಂದ ತಲೆ ಎತ್ತಿ ನೋಡಿದಳು. ಶಹಾಪುರದ ಹಳೆಯ ಓಣಿಯ ಮನೆ. ಮೊಳ ದಪ್ಪದ ಮಣ್ಣಿನ ಮಾಳಿಗೆ, ಅದರಲ್ಲಿ ಗೇಣಗಲದ ಚೌಕ ಬೆಳಕಿಂಡಿ. ಅದರಿಂದ ಬಿಸಿಲಿನ ಒಂದು ತುಂಡು ನೇರ ಇಳಿದು, ನೆಲದ ನಡುವೆ ಬೇರೆಲ್ಲ ಕಲ್ಲಿಗಿಂತ ಕಪ್ಪಾಗಿದ್ದ ಒಂದು ಪರಸಿ ಕಲ್ಲಿನ ಮೇಲೆ ಕೂತಿತ್ತು.

“ಮುಚ್ಚಿದ್ರ ದೆವ್ವ ಬರ್ತದೇನ ಆಯಿ?” ಎಂದು ನಕ್ಕಳು.

ಮುದುಕಿ ನಗಲಿಲ್ಲ. “ದೆವ್ವ ಆದ್ರ ಬಂದು ಹೋಗ್ತದ. ಇದು ಮಲಗಾಕ ಬರ್ತದ.”

ಕಲಬುರಗಿಯ ಹುಡುಗಿ, ಇಪ್ಪತ್ತಾರರ ನರ್ಸು. ರಾತ್ರಿ ಪಾಳಿಯಲ್ಲಿ ಹೆಣಕ್ಕೆ ಹತ್ತಿ ಇಟ್ಟು, ಅದೇ ಕೈ ತೊಳೆದುಕೊಂಡು ಚಹಾ ಕುಡಿದವಳು. ಅಂಥವಳನ್ನು ಬಿಸಿಲಿನ ಹೆಸರಲ್ಲಿ ಹೆದರಿಸುವ ಈ ಮುದುಕಿಯ ಮೇಲೆ ಅವಳಿಗೆ ಪ್ರೀತಿಯೇ ಹುಟ್ಟಿತು. ಅವತ್ತೇ ಗಂಟು ಮೂಟೆ ತಂದಳು.

ತೊಂದರೆ ಶುರುವಾದದ್ದು ನಿದ್ದೆಯಿಂದ. ಖಾಸಗಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮಲಗಿದರೆ, ಹನ್ನೊಂದಕ್ಕೆ ಆ ಬಿಸಿಲಿನ ತುಂಡು ಹಾಸಿಗೆಯ ಪಕ್ಕಕ್ಕೆ ಇಳಿಯುತ್ತಿತ್ತು. ಮಂಚ ಎಲ್ಲಿಗೆ ಎಳೆದರೂ ಕಣ್ಣುರೆಪ್ಪೆಯೊಳಗೆ ಕೆಂಪು ತುಂಬುತ್ತಿತ್ತು. ಒಂದು ತಿಂಗಳಿಗೆ ತಲೆ ಬತ್ತಿದ ಬಾವಿಯಾಯಿತು. ಒಂದು ರಾತ್ರಿ ಸಿರಿಂಜಿಗೆ ಬೇರೆಯೇ ಶೀಶೆಯ ಔಷಧ ಎಳೆದುಬಿಟ್ಟಳು. ಸೂಜಿ ಚುಚ್ಚುವ ಮೊದಲು ಡಾಕ್ಟರು ನೋಡಿದರು. ಇನ್ನೊಮ್ಮೆ ಹೀಗಾದರೆ ಕಲಬುರಗಿ ಬಸ್ಸು ಹಿಡಿ ಎಂದರು. ಅಲ್ಲಿ ಅಣ್ಣ ಗಯಾಸ ಅವಳಿಗೊಂದು ಗಂಡು ಗೊತ್ತು ಮಾಡಿಕೊಂಡು ಇದೇ ದಿನಕ್ಕೆ ಕಾದು ಕೂತಿದ್ದ. ನಿದ್ದೆ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ತಾನೇ ಹೋಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಮೊಬೈಲಿನಲ್ಲಿ ಹುಡುಕಿ ಕಲಿತಳು. ಕಣ್ಣು ಮುಚ್ಚಿದ್ದರೂ ಬೆಳಕು ಮಿದುಳಿಗೆ ಮುಟ್ಟುತ್ತದಂತೆ. ಪೂರ್ತಿ ಕತ್ತಲಿದ್ದರೇ ನಿದ್ದೆ ಆಳಕ್ಕಿಳಿಯುತ್ತದಂತೆ. ಆಳದ ನಿದ್ದೆಯಲ್ಲಿ ಕೆಲವರು ಕನಸನ್ನು ಕನಸೆಂದು ತಿಳಿದೇ ಕಾಣುತ್ತಾರಂತೆ, ಬೇಕಾದ ಕಡೆ ತಿರುಗಿಸುತ್ತಾರಂತೆ. ಕನಸೋ ಎಚ್ಚರವೋ ಎಂದು ಅನುಮಾನ ಬಂದರೆ ದೀಪದ ಸ್ವಿಚ್ಚು ಒತ್ತಿ ನೋಡಬೇಕು, ಕನಸಿನಲ್ಲಿ ದೀಪ ಮಾತು ಕೇಳುವುದಿಲ್ಲ ಎಂದು ವಿಡಿಯೊ ಒಂದರಲ್ಲಿ ಒಬ್ಬ ಹೇಳಿದ್ದ. ಅವಳು ಕಿಟಕಿಗೆ ಕಂಬಳಿ ಹೊಡೆದಳು. ಸೊಳ್ಳೆ ಯಂತ್ರದ ಕೆಂಪು ಚುಕ್ಕೆಗೂ ಪ್ಲಾಸ್ಟರು ಅಂಟಿಸಿದಳು. ಉಳಿದದ್ದು ಕಿಂಡಿ.

ಗೊಲ್ಲಾಳಮ್ಮ ಕೆಂಭಾವಿಯ ತಂಗಿಯ ಮನೆಗೆ ಹೋದ ದಿನ ತಗಡಿನ ಕೆಲಸದ ವಹಾಬನನ್ನು ಕರೆಸಿದಳು. ಅವನು ಮಾಳಿಗೆ ಹತ್ತಿ ಅಳತೆ ತೆಗೆದು, ಹೊರಗಿನಿಂದ ಕೂರುವಂಥ ಮುಚ್ಚಳ ಮಾಡಿದ. ಒಳಗಿನಿಂದ ಹಗ್ಗ ಜಗ್ಗಿದರೆ ಪಕ್ಕಕ್ಕೆ ಜಾರುವಂತೆ ಒಂದು ಕೊಕ್ಕೆಯನ್ನೂ ಇಟ್ಟ. ಊರಿನವರೆಲ್ಲ ಬೆಳಕಿಗಂತ ಮಾಳಿಗೆ ಒಡೆಸ್ತಾರ, ನೀವೊಬ್ರೇ ನೋಡ್ರಿ ಸಿಸ್ಟರ್ ಬಂದ ಸೂರ್ಯನ ಮುಖಕ್ಕ ಬಾಗಲಾ ಹಾಕಾಕತ್ತೀರಿ, ಎಂದು ಕೆಣಕಿ ಹೋದ.

ಆ ದಿನ ಅವಳು ಒಂಬತ್ತು ತಾಸು ಮಲಗಿದಳು. ಕಲ್ಲು ಬಾವಿಗೆ ಬಿದ್ದ ಹಾಗೆ.

ಮೂರನೆಯ ದಿನ ಕನಸುಗಳು ತಿಳಿಯಾದವು. ಸ್ವಿಚ್ಚು ಒತ್ತಿದಳು, ದೀಪ ಹತ್ತಲಿಲ್ಲ. ಓ, ಕನಸು. ಖುಷಿಯಿಂದ ಗೋಡೆ ದಾಟಿ ಹೋದಳು. ಊರ ಪಕ್ಕದಲ್ಲಿ ಅಂಗಾತ ಮಲಗಿದ ಮನುಷ್ಯನ ಹಾಗಿರುವ ಗುಡ್ಡದ ಎದೆಯ ಮೇಲೆ ಬರಿಗಾಲಲ್ಲಿ ಓಡಾಡಿದಳು. ಎಚ್ಚರವಾದಾಗ ಮೈ ಹೂವಾಗಿತ್ತು. ಆಸ್ಪತ್ರೆಯಲ್ಲಿ ಒಂದು ತಪ್ಪೂ ಇಲ್ಲ.

ಏಳನೆಯ ದಿನ ಎದ್ದಾಗ ಬಾಯಲ್ಲಿ ತಂಬಾಕಿನ ರುಚಿ ಇತ್ತು. ಕಂಬಳಿ ಕುರಿಯ ಹಸಿ ಉಣ್ಣೆಯಂತೆ ನಾರುತ್ತಿತ್ತು. ಹಾಸಿಗೆಯ ಆಚೆ ಬದಿ, ಅವಳು ಹೊರಳದ ಬದಿ, ಬೆಚ್ಚಗಿತ್ತು. ನೆಲಕ್ಕೆ ಕಾಲಿಟ್ಟಳು. ಮೇ ತಿಂಗಳ ನಡುಮಧ್ಯಾಹ್ನ. ಆ ಕಪ್ಪು ಕಲ್ಲು ಮಾತ್ರ ಮಂಜಿನಷ್ಟು ತಣ್ಣಗಿತ್ತು. ಸ್ವಿಚ್ಚು ಒತ್ತಿದಳು. ದೀಪ ಬರಲಿಲ್ಲ. ಕರೆಂಟು ಹೋಗಿರಬೇಕು, ಬೇಸಿಗೆಯಲ್ಲಿ ಇದು ದಿನದ ಹಾಡು. ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

ಹಿಂದಿನಿಂದ ಯಾರೋ ತಗ್ಗಿದ ದನಿಯಲ್ಲಿ ಕೇಳಿದರು.

“ಸ್ವಲ್ಪ ಸರಿ ತಂಗಿ. ಮಲಗತೀನಿ.”

ಮಂಚದ ತುದಿಯಲ್ಲಿ ಒಬ್ಬ ಕೂತಿದ್ದ. ಕಣ್ಣಿಗೆ ರೆಪ್ಪೆಗೂದಲಿಲ್ಲ. ಹಸಿ ಗಾಯದಂಥ ಎರಡು ಕಣ್ಣು. ವರ್ಷಗಟ್ಟಲೆ ಮುಚ್ಚದ ಕಣ್ಣು. ಮಂಚದ ಮೇಲೆ ಅವಳೇ ಮಲಗಿದ್ದಳು. ಅವನು ಅವಳ ಪಕ್ಕ ಒರಗಿದ. ಅವಳೊಳಗೆ ಒರಗಿದ.

ಅವಳನ್ನು ಎಬ್ಬಿಸಿದ್ದು ಗೊಲ್ಲಾಳಮ್ಮ, ಕೆನ್ನೆಗೆ ನೀರು ಹೊಡೆದು. ಪಡಸಾಲೆಯ ನೆರಳಲ್ಲಿ ಅರ್ಜುಮಂದ ಕುಕ್ಕರಗಾಲಲ್ಲಿ ಕೂತಿದ್ದಳು. ಮುದುಕಿ ಖಾಲಿ ತಂಬಿಗೆ ಹಿಡಿದು ಗೋಡೆಗೆ ಒರಗಿದ್ದಳು. ಊರಿಂದ ಬಂದು ಬಾಗಿಲು ತೆರೆದರೆ ಈ ಹುಡುಗಿ ಗಂಡಸಿನ ಹಾಗೆ ಕೂತು, ಎಲೆ ತಂಬಾಕು ತಿಕ್ಕುವವರಂತೆ ಅಂಗೈ ತಿಕ್ಕುತ್ತ, ‘ಅತ್ತಿಗಿ, ನನಗ ನಿದ್ದಿ ಬಂತು’ ಎಂದಳಂತೆ.

ಆಮೇಲೆ ಮುದುಕಿ ಬಿಡಿಸಿ ಹೇಳಿದಳು. ದ್ಯಾವಪ್ಪ ಅವಳ ಮೈದುನ. ಯಾವ ಜಡ್ಡೋ ಏನೋ, ನಿದ್ದೆ ಕಳೆದುಕೊಂಡ. ಒಂದೇ ಕೋಣೆಯಲ್ಲಿ ಅಣ್ಣ ಗೊರಕೆ ಹೊಡೆಯುವುದನ್ನು ಕೇಳುತ್ತ ವರ್ಷ ಕಳೆದ. ಕಡೆಗೆ ಎಲ್ಲಿಂದಲೋ ಒಬ್ಬ ಮಾಟಗಾರನನ್ನು ಹಿಡಿದು ತಂದು, ಅಣ್ಣನ ಹಾಸಿಗೆಯ ಕೆಳಗಿನ ಕಲ್ಲೆತ್ತಿ ಕುಡಿಕೆ ಹುಗಿದ. ತನ್ನ ಎರಡೂ ಕಣ್ಣಿನ ರೆಪ್ಪೆಗೂದಲು ಕಿತ್ತು ಅದರಲ್ಲಿ ಹಾಕಿದ್ದ. ಮೂರು ರಾತ್ರಿಯಲ್ಲಿ ಅಣ್ಣನ ನಿದ್ದೆಯೆಲ್ಲ ತಮ್ಮನಿಗೆ ಬಂತು. ಅಣ್ಣ ಏಳಲಿಲ್ಲ. ಅದಾದ ಮೂರನೆಯ ದಿನ ತಮ್ಮನೂ ಏಳಲಿಲ್ಲ. ಹುಗಿದವನ ಹೊರತು ಬೇರೆ ಯಾರು ಕುಡಿಕೆ ಎತ್ತಿದರೂ ಅವರ ಕಣ್ಣು ಹೋಗುತ್ತದೆ ಎಂದು ತಿಳಿದವರು ಹೇಳಿ, ಆ ಕಲ್ಲಿನ ನೆತ್ತಿಗೆ ಸರಿಯಾಗಿ ಮಾಳಿಗೆ ಒಡೆಸಿದರು. ಹಗಲು ಬಿಸಿಲು ಕುಡಿದ ಕಲ್ಲು ರಾತ್ರಿಯೆಲ್ಲ ಬೆಚ್ಚಗಿದ್ದರೆ ಅವನು ಏಳುವುದಿಲ್ಲ. ನಲವತ್ತು ವರ್ಷ ಎದ್ದಿರಲಿಲ್ಲ.

“ಈಗ ನಿನ್ನ ನಿದ್ದಿ ರುಚಿ ನೋಡ್ಯಾನ,” ಎಂದಳು. “ಎಲ್ಲಿ ಮಲಗಿದ್ರೂ ಬರ್ತಾನ. ನನ್ನ ಗಂಡನ ಹಂಗ ಮೂರು ಸಲಕ್ಕ ಮುಗಸ್ತಾನ. ಒಂದು ಆಯ್ತು.”

ಅರ್ಜುಮಂದ ಮುಖ ಒರೆಸಿಕೊಂಡಳು. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಿಗೆ ಸಿಟ್ಟು ಇತ್ತು. ಹುಟ್ಟಿದಂದಿನಿಂದ ಇವತ್ತಿನವರೆಗೆ ಅವಳದು ಅಂತ ಇದ್ದದ್ದನ್ನೆಲ್ಲ ಯಾರೋ ಒಬ್ಬರು ಸ್ವಲ್ಪ ಸರಿ ಎಂದು ತೆಗೆದುಕೊಂಡಿದ್ದರು. ಶಾಲೆಯ ಜಾಗ ಅಣ್ಣನಿಗೆ, ಮನೆಯ ಕೋಣೆ ಅತ್ತಿಗೆಗೆ.

“ನಿದ್ದಿ ನಂದು ಆಯಿ,” ಎಂದಳು. “ಇದೊಂದು ಕೊಡಂಗಿಲ್ಲ.”

ಎರಡು ದಿನ ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಮೂರನೆಯ ದಿನ, ತಪ್ಪಿಸಿಕೊಳ್ಳಲಾಗದ ನಿದ್ದೆ ಬಂದಾಗ, ತಾನೇ ಮಾಳಿಗೆ ಹತ್ತಿ ಮತ್ತೆ ಮುಚ್ಚಳ ಹಾಕಿದಳು. ಅವನು ಬರುವುದಾದರೆ ತನ್ನ ಲೆಕ್ಕದಂತೆ ಬರಲಿ. ಮುಚ್ಚಳದ ಕೊಕ್ಕೆಗೆ ಬ್ಯಾಂಡೇಜಿನ ಬಟ್ಟೆ ಕಟ್ಟಿ, ಅದರ ತುದಿಯನ್ನು ಎಡಗೈ ಮಣಿಕಟ್ಟಿಗೆ ಬಿಗಿದಳು. ಅದೇ ಕೊಕ್ಕೆಗೆ ಕಟ್ಟಿದ ಇನ್ನೊಂದು ಬ್ಯಾಂಡೇಜನ್ನು ಜಡೆಯೊಳಗೆ ನಾಲ್ಕನೆಯ ಎಳೆಯಾಗಿ ಹೆಣೆದಳು. ಗೊಲ್ಲಾಳಮ್ಮನನ್ನು ಬಾಗಿಲ ಹೊರಗೆ ಕೂರಿಸಿ, ಏನೇ ಕೇಳಿದರೂ ಒಳಗೆ ಬರಬೇಡ ಎಂದಳು. ಹನ್ನೆರಡು ಹೊಡೆಯುವ ಹೊತ್ತು.

ಕತ್ತಲು. ತಂಬಾಕು. ಉಣ್ಣೆಯ ನಾತ. ಸ್ವಿಚ್ಚು ಒತ್ತಿದಳು. ಬೆಳಕಿಲ್ಲ. ಕನಸಿನೊಳಗೆ ಬಂದೆ, ಎಂದುಕೊಂಡಳು.

“ಸ್ವಲ್ಪ ಸರಿ ತಂಗಿ.”

ಸರಿಯಲಿಲ್ಲ. ಅವನು ತಳ್ಳಿದ. ತಣ್ಣನೆಯ ಮೊಣಕೈ. ಅವಳು ಮೈಯಿಂದ ಜಾರಿದಳು. ಗೋಡೆಗೆ ಅಂಟಿ ನಿಂತಳು. ತನ್ನದೇ ಮೈ ಕಣ್ಣು ಬಿಡುವುದನ್ನು ಕಂಡಳು. ತನ್ನದೇ ಬಾಯಿ ನಕ್ಕಿತು. ಅವಳ ಬಲಗೈ ಎಡಗೈ ತಡವಿತು. ಗಂಟು ಸಿಕ್ಕಿತು. ಒಂದು ಸುತ್ತು. ಇನ್ನೊಂದು. ಬ್ಯಾಂಡೇಜು ಬಿಚ್ಚಿ ಬಿತ್ತು. ಅವಳು ಕೂಗಿದಳು. ದನಿ ಇರಲಿಲ್ಲ. ಅವನು ಅವಳ ಕಾಲುಗಳನ್ನು ನೆಲಕ್ಕಿಟ್ಟ. ಎದ್ದ. ಬಾಗಿಲ ಕಡೆ ಹೊರಟ. ಒಂದು ಹೆಜ್ಜೆ. ಎರಡು.

ಜಡೆ ಹಾಕಿಕೊಂಡು ಬದುಕಿದವನಲ್ಲ ಅವನು. ಬೆನ್ನ ಹಿಂದೆ ಏನು ತೂಗುತ್ತಿದೆ ಎಂದು ಅವನಿಗೆ ಗೊತ್ತಾಗಲಿಲ್ಲ.

ಮೂರನೆಯ ಹೆಜ್ಜೆಗೆ ತಲೆ ಹಿಂದಕ್ಕೆ ಜಗ್ಗಿತು. ಮೇಲೆ ತಗಡು ಗಡಗಡ ಜಾರಿತು. ನಡುಹಗಲಿನ ಬಿಸಿಲು ಕಾಯಿಸಿದ ಸಲಾಕೆಯ ಹಾಗೆ ಇಳಿಯಿತು. ನೇರ ಕಣ್ಣಿಗೆ. ರೆಪ್ಪೆಗೂದಲು ಸುಟ್ಟ ವಾಸನೆ. ಅವಳ ಬಾಯಿಂದ ಗಂಡಸಿನ ಕೂಗು. ಕಾಲಡಿಯ ಕಲ್ಲು ಚಟ್ಟನೆ ಸೀಳಿತು. ಸೀಳಿನಿಂದ ಉಗುರು ಉಜ್ಜಿದಂಥ ಸದ್ದು ಕೆಳಗೆ, ಕೆಳಗೆ ಹೋಯಿತು. ಆಮೇಲೆ ಹೊರಗೆ ಗೊಲ್ಲಾಳಮ್ಮ ಶಿವನ ಹೆಸರು ಹೇಳುವುದಷ್ಟೇ ಕೇಳಿಸಿತು.

ಅರ್ಜುಮಂದ ಬಿಸಿಲಲ್ಲಿ ಮೊಣಕಾಲೂರಿ ಕೂತಿದ್ದಳು. ಕೈ ಅವಳದು. ಉಸಿರು ಅವಳದು.

ಅವನು ಹೋಗಲಿಲ್ಲ, ಇಳಿದ ಅಷ್ಟೇ. ಇಳಿಯುವಾಗ ಅವಳ ಕತ್ತಲಿನ ನಿದ್ದೆಯನ್ನೆಲ್ಲ ಬಾಚಿಕೊಂಡು ಇಳಿದ. ಅವಳ ರೆಪ್ಪೆಗೂದಲು ಮತ್ತೆ ಹುಟ್ಟಲಿಲ್ಲ. ಕತ್ತಲಲ್ಲಿ ಕಣ್ಣು ಮುಚ್ಚುವುದಿಲ್ಲ. ದಿನಕ್ಕೆ ಎರಡೂವರೆ ತಾಸು, ಕಿಂಡಿಯ ಬಿಸಿಲು ನೆಲದ ಮೇಲಿರುವಷ್ಟು ಹೊತ್ತು, ಅದನ್ನು ಮುಖದ ಮೇಲೆ ಹೊದ್ದುಕೊಂಡರೆ ಮಾತ್ರ ನಿದ್ದೆ. ಕೋಣೆ ಬಿಡು, ಊರು ಬಿಡು ಎಂದು ಗೊಲ್ಲಾಳಮ್ಮ ಅತ್ತಳು. ಅರ್ಜುಮಂದ ಮಂಚ ಮಾರಿ ಚಾಪೆ ತಂದಳು. ರಾತ್ರಿ ಪಾಳಿಯಲ್ಲಿ ಈಗ ಅವಳಷ್ಟು ಎಚ್ಚರದವರು ಯಾರೂ ಇಲ್ಲ ಎಂದು ಡಾಕ್ಟರೇ ಹೊಗಳುತ್ತಾರೆ. ಗಯಾಸ ಒಮ್ಮೆ ಕರೆದುಕೊಂಡು ಹೋಗಲು ಬಂದವನು ಅವಳ ಕಣ್ಣು ನೋಡಿ, ಚಹಾ ಕೂಡ ಕುಡಿಯದೆ ತಿರುಗಿದ.

ಬಿಸಿಲು ನಿಲ್ಲುವುದಿಲ್ಲ, ಬೆರಳು ಬೆರಳು ಸರಿಯುತ್ತದೆ. ಅವಳು ಅರೆನಿದ್ದೆಯಲ್ಲೇ ಚಾಪೆ ಎಳೆದುಕೊಂಡು ಅದರ ಹಿಂದೆ ಹೋಗುತ್ತಾಳೆ. ಸೀಳಿದ ಕಲ್ಲು ದಾಟುವಾಗ ದಿನವೂ ಕೆಳಗಿನಿಂದ ಅದೇ ದನಿ ಬೇಡುತ್ತದೆ, ಸ್ವಲ್ಪ ಸರಿ ತಂಗಿ ಎಂದು.

“ಬಿಸಲಿಗೆ ಸರೀತೀನಿ,” ಎನ್ನುತ್ತಾಳೆ ಅರ್ಜುಮಂದ, ಕಣ್ಣು ತೆರೆಯದೆ. “ನಿನಗ ಸರಿಯಂಗಿಲ್ಲ.”