ಮೂರನೆಯ ಬಟ್ಟಲು

ಅತ್ತೆಯ ಮೇಜಿನ ಮೇಲೆ ಮೂರು ಬಟ್ಟಲುಗಳಿದ್ದವು. ಎರಡು ನೀಲಿ ಗಾಜಿನವು, ಜೋಡಿ. ಮೂರನೆಯದು ಅಂಚು ನೆಗ್ಗಿದ ಸ್ಟೀಲಿನದು. ಮೊದಲನೆಯದರಲ್ಲಿ ಆರು ಅಂಗಿಗುಂಡಿ, ಎರಡನೆಯದರಲ್ಲಿ ಏಳು, ಸ್ಟೀಲಿನದರಲ್ಲಿ ಎರಡು. ಆರು ಗುಂಡಿಯ ಬಟ್ಟಲು ಮೇಷ್ಟ್ರದು. ಅದನ್ನು ಕಂಡ ಕ್ಷಣದಿಂದ ಅವರ ಬಾಯಿಗೆ ಅನ್ನ ರುಚಿಸಲಿಲ್ಲ.

ಲೆಕ್ಕ ಬೇರೆಯವರದಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಲೆಕ್ಕ ಅವರದೇ. ಹಲವು ಗುಣಗಳನ್ನು ತೂಗಿ ಒಂದನ್ನು ಆರಿಸುವುದು ಹೇಗೆ ಎಂದು ಕಾಲೇಜಿನಲ್ಲಿ ಪಾಠ ಹೇಳುವುದೇ ಅವರ ಕಸುಬು. ಅದಕ್ಕೇ ಮನೆಮಂದಿಗೆಲ್ಲ ಅವರು ಮೇಷ್ಟ್ರು. ಮಕ್ಕಳಿಲ್ಲದ ಅತ್ತೆ ತಮ್ಮ ಗುಂಡಿ ಕಾರ್ಖಾನೆಯನ್ನು ಅಣ್ಣತಮ್ಮಂದಿರ ಮಕ್ಕಳಲ್ಲಿ ಯಾರ ಕೈಗೆ ಕೊಡಲಿ ಎಂದು ತಲೆ ಕೆಡಿಸಿಕೊಂಡಾಗ, "ಅಳಬೇಡಿ ಅತ್ತೆ, ಇದಕ್ಕೊಂದು ಶಾಸ್ತ್ರ ಇದೆ" ಎಂದು ಮುಂದೆ ಬಂದವರೂ ಅವರೇ. ಬೇಕಾದ ಗುಣಗಳನ್ನು ಹೆಸರಿಸಿ. ಒಂದೊಂದು ಗುಣದಲ್ಲೂ, ತನಗಿಂತ ಕೆಳಗೆ ಎಷ್ಟು ಜನರಿದ್ದಾರೋ ಅಷ್ಟು ಗುಂಡಿ ಒಬ್ಬೊಬ್ಬರಿಗೆ. ಕೊನೆಗೆ ಯಾರ ಬಟ್ಟಲಲ್ಲಿ ಗುಂಡಿ ಹೆಚ್ಚೋ ಅವರದೇ ಕಾರ್ಖಾನೆ. ಅತ್ತೆ ಎಲ್ಲರೆದುರು ಒಪ್ಪಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಿನ್ನ ಲೆಕ್ಕ ಹೇಳಿದ ಹಾಗೇ ಆಗಲಪ್ಪ" ಎಂದರು.

ಅತ್ತೆ ಹೆಸರಿಸಿ ತೂಗಿದ್ದು ಐದು ಗುಣ. ಲೆಕ್ಕಪತ್ರ, ವ್ಯಾಪಾರ, ಮುಂದಾಲೋಚನೆ: ಈ ಮೂರರಲ್ಲೂ ಮೇಷ್ಟ್ರೇ ಮೊದಲು, ದೊಡ್ಡಪ್ಪನ ಮಗಳಾದ ಅಕ್ಕ ಎರಡನೆಯವಳು, ಚಿಕ್ಕಪ್ಪನ ಮಗ ಸಿಳ್ಳೆ ಕೊನೆ. ತಾಳ್ಮೆ, ಕೆಲಸದವರ ಮೇಲೆ ಅಕ್ಕರೆ: ಈ ಎರಡರಲ್ಲಿ ಅಕ್ಕ ಮೊದಲು, ಸಿಳ್ಳೆ ಎರಡು, ಮೇಷ್ಟ್ರು ಕೊನೆ. ಸಿಳ್ಳೆಗಿಂತಲೂ ಕೆಳಗೆ! ಮಾಳಿಗೆಯಿಂದ ಮಾಳಿಗೆಗೆ ಗುಂಡಿಯ ಮೂಟೆ ಸಾಗಿಸುತ್ತಾ, ನಲವತ್ತು ದಾಟಿದರೂ ಸಿಳ್ಳೆ ಹಾಕಿಕೊಂಡೇ ಓಡಾಡುವ, ಅದೇ ಹೆಸರಾಗಿಹೋದ ಮನುಷ್ಯ. ಅಜ್ಜಿಯರು ಹೇಳುವ ಕತೆಗಳಲ್ಲಿ ಮೂವರು ಹೊರಟರೆ ಪೆದ್ದನಿಗೇ ರಾಜ್ಯ ಸಿಗುತ್ತದೆ. ಇಲ್ಲಿ ಪೆದ್ದನಿಗೆ ಸಿಕ್ಕಿದ್ದು ಎರಡು ಗುಂಡಿ, ಅಷ್ಟರಲ್ಲೇ ಅವನು ಮೇಷ್ಟ್ರ ರಾಜ್ಯವನ್ನು ಅಕ್ಕನ ಮಡಿಲಿಗೆ ಹಾಕಿಬಿಟ್ಟಿದ್ದ.

"ಮೇಷ್ಟ್ರಣ್ಣ, ನಾನು ಎಷ್ಟನೇ ನಂಬರು?" ಅಂಗಳದಲ್ಲಿ ಎದುರಾದ ಸಿಳ್ಳೆ ಕೇಳಿದ.

"ಮೂರನೇದು."

"ಇರೋದು ಎಷ್ಟು ಜನ?"

"ಮೂರೇ."

"ಹಾಗಾದ್ರೆ ನನಗೂ ಒಂದು ಮೆಡಲು ಗ್ಯಾರಂಟಿ ಬಿಡು!" ಎಂದು ಗಾಡಿ ತಳ್ಳಿಕೊಂಡು ಹೋದ.

ಅವನ ಬೆನ್ನನ್ನೇ ನೋಡುತ್ತಾ ನಿಂತ ಮೇಷ್ಟ್ರಿಗೆ, ತಾವೇ ಪ್ರತಿ ವರ್ಷ ಪಾಠ ಮಾಡುವ, ಹುಡುಗರು ಪ್ರತಿ ವರ್ಷ ಆಕಳಿಸುವ ಒಂದು ವಿಚಿತ್ರ ನೆನಪಾಯಿತು. ಕೊನೆಯವನು ಎದ್ದು ಹೋದರೆ ಕೆಲವೊಮ್ಮೆ ಮೊದಲಿನವರೇ ಅದಲುಬದಲಾಗುತ್ತಾರೆ. ಸಿಳ್ಳೆ ಇಲ್ಲದಿದ್ದರೆ? ಮೂರು ಗುಣದಲ್ಲಿ ತಾವು ಅಕ್ಕನಿಗಿಂತ ಮೇಲು, ಎರಡರಲ್ಲಿ ಅಕ್ಕ ಮೇಲು. ತಮಗೆ ಮೂರು ಗುಂಡಿ, ಅವಳಿಗೆ ಎರಡು. ಅಷ್ಟೇ. ಕಾರ್ಖಾನೆ ತಮ್ಮದು.

ಎಂಥ ಚಂದದ ಲೆಕ್ಕ ಎಂದು ಮೇಷ್ಟ್ರಿಗೆ ತಮ್ಮ ಮೇಲೇ ಪ್ರೀತಿ ಬಂತು. ಅಕ್ಕ ಸತ್ತರೆ ಊರೆಲ್ಲ ತಮ್ಮತ್ತ ತಿರುಗುತ್ತದೆ. ಕೊನೆಯಲ್ಲಿದ್ದವನು ಸತ್ತರೆ ಯಾರಿಗೇನು ಲಾಭ? ಕಾರಣವೇ ಕಾಣದ ಕೊಲೆ, ಕೊಲೆಯೇ ಅಲ್ಲ. ಸಿಳ್ಳೆಗೆ ಹಿಂದೆ ಸರಿ ಎಂದು ಕೇಳಬಹುದಿತ್ತು, ನಕ್ಕು ಒಪ್ಪಿಬಿಡುತ್ತಿದ್ದ. ಆದರೆ ಅವನ ಬಾಯಲ್ಲಿ ಮಾತು ನಿಲ್ಲದು. ಸಂಜೆಯೊಳಗೆ ಅಕ್ಕನಿಗೆ ಗೊತ್ತಾಗಿ, ಅವಳೂ ಯಾಕೆ ಎಂದು ಕೂತು ಎಣಿಸಿಬಿಟ್ಟರೆ?

ದಾರಿಯನ್ನೂ ಅವರು ಶಾಸ್ತ್ರಬದ್ಧವಾಗಿಯೇ ಆರಿಸಿದರು. ಬಣ್ಣದ ತೊಟ್ಟಿ, ರಸ್ತೆ, ಸಾಮಾನಿನ ಲಿಫ್ಟು. ಸದ್ದು ಎಷ್ಟು, ಅನುಮಾನ ಎಷ್ಟು, ಆ ಹೊತ್ತಿಗೆ ತಾವು ಎಷ್ಟು ದೂರ ಇರಬಹುದು ಎಂದು ಮೂರನ್ನೂ ತೂಗಿದರು. ಲಿಫ್ಟು ಗೆದ್ದಿತು. ಸಿಳ್ಳೆಗೆ ಎಷ್ಟು ನೋವಾದೀತು ಎಂಬುದನ್ನು ತೂಗಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಲಿಫ್ಟಿನ ಡಬ್ಬಿ ಬಂದು ನಿಲ್ಲುವ ತನಕ ಬಾಗಿಲು ತೆರೆಯದಂತೆ ಮೇಲ್ಮಾಳಿಗೆಯಲ್ಲೊಂದು ಕೊಂಡಿ ಇತ್ತು. ಆ ಕೊಂಡಿಯ ಸಂದಿಗೆ ತೆಳ್ಳನೆಯ ಚಿಪ್ಪಿನ ಗುಂಡಿಯೊಂದನ್ನು ಸಿಕ್ಕಿಸಿದರೆ, ಡಬ್ಬಿ ಇಲ್ಲದಿದ್ದರೂ ಬಾಗಿಲು ಸುಮ್ಮನೆ ತೆರೆದುಕೊಳ್ಳುತ್ತಿತ್ತು. ಸಿಳ್ಳೆಯೋ, ಗಾಡಿಯನ್ನು ಎಳೆದುಕೊಂಡು ಹಿಮ್ಮುಖವಾಗಿಯೇ ಒಳಗೆ ಹೆಜ್ಜೆ ಇಡುವವನು. ಗುಂಡಿ ಉದುರಿ ಕೆಳಗೆ ಬೀಳುತ್ತದೆ. ಗುಂಡಿ ಕಾರ್ಖಾನೆಯ ನೆಲದ ಮೇಲೆ ಬಿದ್ದ ಗುಂಡಿಯನ್ನು ಯಾರು ಬಗ್ಗಿ ನೋಡುತ್ತಾರೆ?

ಆ ಬೆಳಿಗ್ಗೆ ಮೇಷ್ಟ್ರು ಅಂಗಳದಾಚೆ ಅತ್ತೆಯ ಮನೆಯಲ್ಲಿ, ಅತ್ತೆಯ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು. ತೆರೆದ ಕಿಟಕಿಯಿಂದ ಸಿಳ್ಳೆ ತೇಲಿ ಬರುತ್ತಿತ್ತು, ಯಾವುದೋ ಮದುವೆ ಮನೆಯ ರಾಗ. ರಾಗದ ನಡುವೆ ನಿಂತುಹೋಯಿತು. ಮೇಷ್ಟ್ರು ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.

ತನಿಖೆಗೆ ಬಂದ ಇನ್‌ಸ್ಪೆಕ್ಟರಮ್ಮ ಮಿತಭಾಷಿ. ಕೊಂಡಿಯನ್ನು ಬಿಚ್ಚಿಸಿದರು, ಲಿಫ್ಟಿನ ತಳದಲ್ಲಿ ಬಿದ್ದದ್ದನ್ನೆಲ್ಲ ಗುಡಿಸಿ ತರಿಸಿದರು. "ಕೊಂಡಿಯಲ್ಲಿ ಹೊಸ ಗೀರು ಇದೆ. ಆದ್ರೆ ಈ ಮನುಷ್ಯನ್ನ ಸಾಯಿಸಿ ಯಾರಿಗೆ ಏನು ಸಿಗಬೇಕು?" ಎಂದು ಎಲ್ಲರನ್ನೂ ಕೇಳಿದರು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಕೆಲಸದವರು ತಲೆ ತಗ್ಗಿಸಿದರು. "ಅವನಿಗೆ ಶತ್ರುಗಳೇ ಇರಲಿಲ್ಲ ಮೇಡಂ" ಎಂದು ಗದ್ಗದಿತರಾದವರು ಮೇಷ್ಟ್ರು. ಅತ್ತೆ ಮಾತ್ರ ಮೇಜಿನ ಮೇಲಿನ ಬಟ್ಟಲುಗಳನ್ನು ಒಂದೊಂದಾಗಿ ಖಾಲಿ ಮಾಡುತ್ತಿದ್ದರು. ವಯಸ್ಸಾದವರು, ಆಘಾತ ಎಂದುಕೊಂಡರು ಮೇಷ್ಟ್ರು.

ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತೆ ಅವರನ್ನು ಕರೆಸಿದರು. ಇನ್‌ಸ್ಪೆಕ್ಟರಮ್ಮ ಕಿಟಕಿಯ ಬಳಿ ಕೂತಿದ್ದರು; ಕೊನೆಯ ಸಹಿಗೆ ಬಂದಿರಬೇಕು. ಮೇಜಿನ ಮೇಲೆ ಅದೇ ಮೂರು ಬಟ್ಟಲು, ಮೂರೂ ಖಾಲಿ.

"ಇನ್ನು ಇಬ್ಬರೇ ಉಳಿದ್ರಿ. ಈಗ ಯಾರಪ್ಪ ಮೊದಲು?" ಎಂದರು ಅತ್ತೆ.

"ನಾನು ಲೆಕ್ಕ ಹಾಕಿಲ್ಲ ಅತ್ತೆ," ಮೇಷ್ಟ್ರು ಕಣ್ಣು ಕೆಳಗೆ ಹಾಕಿದರು. "ಮನಸ್ಸೇ ಬರಲಿಲ್ಲ. ನಿಮಗೆ ಕಷ್ಟ ಆದ್ರೆ ಹೊಸದಾಗಿ ಹಾಕಿಕೊಡ್ತೀನಿ."

"ಬೇಡ. ನಾನು ಹಾಕಿದ್ದೆ."

"ಯಾವಾಗ?"

"ಅವನು ಸತ್ತ ಮೇಲಲ್ಲ, ನಿನ್ನ ಶಾಸ್ತ್ರ ಕಲಿತ ದಿನಾನೇ." ಅತ್ತೆ ನೀಲಿ ಬಟ್ಟಲುಗಳೆರಡನ್ನೂ ಹತ್ತಿರ ಎಳೆದುಕೊಂಡರು, ಜೋಡಿ ಬಟ್ಟಲು, ಒಂದೇ ಅಳತೆಯವು. "ಆಗ ಇಟ್ಟಿದ್ದು ಇವೆರಡೇ. ಕಾರ್ಖಾನೆ ಕೇಳಿದ್ದೂ ನೀವಿಬ್ಬರೇ ತಾನೇ? ನಿನಗೆ ಮೂರು ಬಂತು, ಅವಳಿಗೆ ಎರಡು. ನಿನ್ನ ಕೈಗೆ ಕೊಟ್ರೆ ಆ ಕೆಲಸದವರ ಗತಿ ಏನು ಅಂತ ನನಗೆ ನಿದ್ದೆ ಹತ್ತಲಿಲ್ಲ. ಎಲ್ಲರೆದುರು ಮಾತು ಬೇರೆ ಕೊಟ್ಟಿದ್ದೆ. ಅಡುಗೆಮನೆಗೆ ಹೋಗಿ ಇದೊಂದನ್ನ ತಂದೆ. ಅವನಿಗೆ ಕಾರ್ಖಾನೆ ಬೇಕಿರಲಿಲ್ಲಪ್ಪ. ನೀನು ಸೋಲಲಿ ಅಂತ ನಾನೇ ಅವನನ್ನ ನಿಮ್ಮ ನಡುವೆ ಕೂರಿಸಿದ್ದು. ಅವನು ಎದ್ದು ಹೋದ್ರೆ ಯಾರು ಗೆಲ್ತಾರೆ ಅಂತ ಈ ಮನೇಲಿ ಇಬ್ಬರಿಗೇ ಗೊತ್ತಿತ್ತು, ನನಗೆ ಮತ್ತೆ ನಿನಗೆ." ಎಷ್ಟೋ ಸಲ ಕಂಡಿದ್ದ, ಗುಂಪಿಗೆ ಸೇರದ ಆ ನೆಗ್ಗಿದ ಬಟ್ಟಲನ್ನು ಮೇಷ್ಟ್ರು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಇನ್‌ಸ್ಪೆಕ್ಟರಮ್ಮ ಎದ್ದು ಬಂದು, ಜೇಬಿನಿಂದ ಅಂಚು ಸವೆದ ಚಿಪ್ಪಿನ ಗುಂಡಿಯೊಂದನ್ನು ತೆಗೆದು ಅದರೊಳಗೆ ಹಾಕಿದರು. ಟಣ್ ಎಂದಿತು.