ಎಂಬತ್ತು ಸುತ್ತು

"ಅಳೋ ಈಶ್ಯಾ, ಒಂದೀಟರ ಅಳೋ!"

ಸಾಯಬಮ್ಮ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಏಳು ತಿಂಗಳ ಈಶಪ್ಪ ಅಕ್ಕನ ಮುಖ ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಬೇರೆ ದಿನ ನೊಣ ಕೂತರೂ ಊರು ಒಂದು ಮಾಡುವ ಭೂಪ, ಬೇಕಾದಾಗ ಮಾತ್ರ ಅಳುವುದಿಲ್ಲ.

ಶಹಾಪುರದ ತರಬೇತಿ ಕೇಂದ್ರದ ಅಂಗಳದಲ್ಲಿ ಬೇವಿನ ಮರ. ಅದರ ಕೆಳಗೆ ಇವರಿಬ್ಬರು. ಎದುರಿನ ಕೋಣೆಯಲ್ಲಿ ಅವರ ಅವ್ವ ಬಾಲಮ್ಮ, ಜೊತೆಗೆ ಇನ್ನೂ ಏಳು ಹೆಂಗಸರು. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದನ್ನು ಅವರೆಲ್ಲ ಕಲಿಯುತ್ತಿದ್ದರು. ಕರೆಂಟು, ಕತ್ತರಿ ಇರುವ ಕೋಣೆಯೊಳಗೆ ಕೂಸನ್ನು ಬಿಡುತ್ತಿರಲಿಲ್ಲ. ಅದಕ್ಕೇ ನಲವತ್ತು ದಿನದಿಂದ ಸಾಯಬಮ್ಮನಿಗೆ ಶಾಲೆ ಬಂದ್.

ಕೂಸು ಹುಟ್ಟುವ ಮೊದಲು ಬಾಲಮ್ಮ, ಬಸ್ಸಮ್ಮನ ಗುಂಪಿನ ಜೊತೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಕಾಲುವೆಗೆ ನೀರು ಬಿಟ್ಟರೆ ಸಾಕು, ಕೆಂಭಾವಿ ಸುತ್ತಿನ ಗದ್ದೆಗಳಲ್ಲೆಲ್ಲ ಬಗ್ಗಿದ ಬೆನ್ನುಗಳೇ. ನಸುಕಿನಲ್ಲಿ ಟಂಟಂ ಗಾಡಿ ಹತ್ತಿದವರು ಮನೆ ಮುಟ್ಟುವುದು ದೀಪ ಹಚ್ಚುವ ಹೊತ್ತಿಗೆ. ಎಳೆಗೂಸುಗಳನ್ನು ಕಾಲುವೆ ದಂಡೆಯ ಮೇಲೆ ಮಲಗಿಸುತ್ತಿದ್ದರು. ಹೋದ ವರ್ಷ ಅವರ ಓಣಿಯ ದೇವಕಮ್ಮನ ಕೂಸು ಉರುಳಿ ನೀರಿಗೆ ಬಿತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಈಶಪ್ಪ ಹುಟ್ಟಿದ ಮೇಲೆ ಬಾಲಮ್ಮ ನಾಟಿಯ ಹೆಸರು ಎತ್ತಲಿಲ್ಲ. ಅಪ್ಪ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಬರುವುದು ಹಬ್ಬಕ್ಕೆ ಮಾತ್ರ.

ಇದೆಲ್ಲ ಸಾಯಬಮ್ಮನಿಗೆ ಗೊತ್ತಿತ್ತು. ಆದರೆ ಇವತ್ತು ಅವಳ ತಲೆಯ ತುಂಬ ಇದ್ದದ್ದು ಸುರಪುರದ ಸ್ಪರ್ಧೆಗೆಂದು ಭಾನುವಾರಗಳಲ್ಲಿ ಕಲಿತಿದ್ದ ಕೋಲಾಟ.

ನಿನ್ನೆ ಸಂಜೆ ಗೆಳತಿ ಅಯ್ಯಮ್ಮ ಬಾಗಿಲಲ್ಲಿ ನಿಂತು ಹೇಳಿದ್ದಳು. "ನಾಳಿ ಮೂರಕ್ಕ ಲಾಸ್ಟ್ ಪ್ರಾಕ್ಟೀಸ್ ಅದ ನೋಡು. ಬರ್ಲಿಲ್ಲಂದ್ರ ನಿನ್ನ ಹೆಸರು ಕಟ್ ಮಾಡ್ತೀನಿ ಅಂದಾರ ಸರ್."

"ಹಂಗಾರ ನಿನ್ನ ಜೋಡಿ ಯಾರು ಆಡ್ತಾರ?"

"ಯಾರ್ನರ ಹಾಕ್ತಾರ. ನಾ ಏನ್ ಮಾಡ್ಲಿ?"

ಒಂದು ಗಂಟೆಯ ಬಸ್ ಸಿಕ್ಕರೆ ಸಾಕಿತ್ತು. ಹಿಂದೆ ಎರಡು ಸಲ ಈಶಪ್ಪ ರಂಪ ಮಾಡಿದಾಗ ಕೇಂದ್ರದಲ್ಲಿ ಕಲಿಸುವ ನಜೀಮಾ ಟೀಚರ್, "ಹೋಗು ಬೇಟಿ, ನಾಳಿ ಕಲೀವಂತಿ" ಎಂದು ಅವ್ವನನ್ನು ಬೇಗ ಕಳಿಸಿದ್ದರು. ಇವತ್ತು ಅವ್ವನಿಗೆ ಟೆಸ್ಟ್ ಇತ್ತು, ನಿಜ. ಆದರೆ ಟೆಸ್ಟ್ ತಪ್ಪಿದರೆ ಏನಾಯಿತು? ಶಾಲೆಯಲ್ಲಿ ಸರ್ ಮರುದಿನ ಬರೆಸುವುದಿಲ್ಲವೇ?

ಕಿಟಕಿಯಿಂದ ಅವ್ವನ ದನಿ ಕೇಳುತ್ತಿತ್ತು. "ನಲವತ್ತೆಂಟು... ನಲವತ್ತೊಂಬತ್ತು..."

ಮರದ ಅಚ್ಚಿನ ಮೇಲೆ ತಂತಿ ಸುತ್ತುವಾಗ ಬಾಯಲ್ಲಿ ಎಣಿಸುತ್ತಲೇ ಇರಬೇಕು. ಒಂದೊಂದು ಸುರುಳಿಗೂ ಎಂಬತ್ತು ಸುತ್ತು. ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಎಲ್ಲ ಸುರುಳಿಗಳೂ ಸಮ ಇರದಿದ್ದರೆ ಮೋಟಾರು ಬಿಸಿಯಾಗಿ ಸುಡುತ್ತದೆ.

ಸಾಯಬಮ್ಮ ಆ ಕಡೆ ಈ ಕಡೆ ನೋಡಿ ತಮ್ಮನ ತೊಡೆ ಚಿವುಟಿದಳು. ಈಶಪ್ಪನ ನಗು ನಿಂತಿತು. ಅಕ್ಕ ಹೀಗೇಕೆ ಮಾಡಿದಳು ಎನ್ನುವಂತೆ ಅವಳನ್ನೇ ನೋಡಿದ. ಅವಳು ಇನ್ನೊಮ್ಮೆ, ಜೋರಾಗಿ ಚಿವುಟಿದಳು.

"ಐವತ್ಮೂರು..." ಎಂದ ಅವ್ವನ ದನಿ ಅಲ್ಲಿಗೇ ನಿಂತಿತು. ಈಶಪ್ಪನ ಚೀರಾಟಕ್ಕೆ ಮರದ ಮೇಲಿನ ಕಾಗೆಯೂ ಹಾರಿಹೋಯಿತು.

ಬಾಲಮ್ಮ ಓಡಿ ಬಂದಳು. "ಏನಾತು? ಬಿದ್ನೇನ?"

"ಇಲ್ಲ ಯವ್ವ. ಹಸಿವಿ ಆಗ್ಯಾದೇನೋ. ಮನಿಗಿ ಹೋಗಮು ನಡಿ, ಒಂದರ ಬಸ್ ಅದ."

"ತಲಿ ನೆಟ್ಟಗದ ಇಲ್ಲ ನಿನಗ? ಪರೀಕ್ಷಾ ನಡದಾದ!"

ನಿಂತುಕೊಂಡೇ ಕೂಸಿಗೆ ಹಾಲು ಕುಡಿಸಿ, ಅದು ಬಿಕ್ಕುವುದು ನಿಲ್ಲುವ ಮೊದಲೇ ಅಕ್ಕನ ಕೈಗೆ ಕೊಟ್ಟು ಅವಳು ಒಳಗೆ ಓಡಿದಳು. ಸಾಯಬಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಳು.

ಅವ್ವ ಅರ್ಧ ಸುತ್ತಿದ ತಂತಿ ಹಿಡಿದು ಗರ ಬಡಿದವಳಂತೆ ನಿಂತಿದ್ದಳು. "ಐವತ್ಮೂರೋ... ನಲವತ್ಮೂರೋ..." ಎಂದು ಗೊಣಗಿಕೊಂಡಳು.

ಐವತ್ಮೂರು. ಸಾಯಬಮ್ಮನಿಗೆ ಚೆನ್ನಾಗಿ ನೆನಪಿತ್ತು. ಒಂದು ಮಾತು ಕೂಗಿದರೆ ಮುಗಿಯುತ್ತಿತ್ತು. ಆದರೆ ಹೊರಗೆ ರಸ್ತೆಯಲ್ಲಿ ಒಂದು ಗಂಟೆಯ ಬಸ್ ಹಾರ್ನ್ ಹೊಡೆಯುತ್ತ ಹೋಗುತ್ತಿತ್ತು. ಅವಳಿಗೆ ಮೈಯೆಲ್ಲ ಸಿಟ್ಟು. ತುಟಿ ಬಿಗಿ ಹಿಡಿದು ನಿಂತಳು.

"ಜಲ್ದಿ ಬಾಲಮ್ಮ, ಟೈಮ್ ಆಗಾಕತ್ತದ," ಎಂದರು ನಜೀಮಾ ಟೀಚರ್.

"ನಲವತ್ನಾಕು..." ಎಂದು ಅವ್ವ ಸುತ್ತತೊಡಗಿದಳು.

ಎರಡೂವರೆಗೆ ಎಲ್ಲರ ಮೋಟಾರುಗಳಿಗೂ ಕರೆಂಟು ಕೊಟ್ಟು ನೋಡಿದರು. ಬಾಲಮ್ಮನದು ಮೊದಲು ಗುಂಯ್‌ಗುಟ್ಟಿತು. ಆಮೇಲೆ ನಡುಗಿತು. ಸುಟ್ಟ ವಾಸನೆ ಕಿಟಕಿಯಾಚೆಗೂ ಬಂತು. ಹೊಗೆ ಎದ್ದಾಗ ಟೀಚರ್ ಸ್ವಿಚ್ ಆರಿಸಿದರು.

"ಎಣಿಕಿ ತಪ್ಪ್ಯಾದ," ಎಂದರು.

"ಇನ್ನೊಂದ್ ಸಲ ಸುತ್ತತೀನ್ರಿ ಟೀಚರ್. ನಿಮ್ಮ ಕಾಲಿಗಿ ಬೀಳ್ತೀನಿ."

"ಪರೀಕ್ಷಾ ಮಾಡೋರು ಮೂರಕ್ಕ ಹೋಗ್ತಾರ ಬೇಟಿ. ನನ್ನ ಕೈಯಾಗ ಏನಿಲ್ಲ. ಮುಂದಿನ ವರ್ಷ ಬ್ಯಾಚ್ ಬಂದ್ರ ನೋಡಮು."

ಏಳು ಹೆಂಗಸರ ಹೆಸರು ಕೂಗಿ ಸರ್ಟಿಫಿಕೇಟ್ ಕೊಟ್ಟರು. ಬಾಲಮ್ಮ ಅವರಿಗೆಲ್ಲ ಚಪ್ಪಾಳೆ ತಟ್ಟಿದಳು. ಬಸ್ಸಿನಲ್ಲಿ ಮಾತ್ರ ಊರು ಬರುವವರೆಗೂ ಸೆರಗು ಬಾಯಿಗೆ ಒತ್ತಿ ಕೂತಿದ್ದಳು.

ಅವರು ಇಳಿಯುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿತ್ತು.

ಸಂಜೆ ಕೂಸಿಗೆ ನೀರು ಹಾಕುವಾಗ ಬಾಲಮ್ಮನ ಕೈ ನಿಂತಿತು. ಈಶಪ್ಪನ ತೊಡೆಯ ಮೇಲೆ ಎರಡು ನೀಲಿ ಗುರುತು.

"ಇದೇನ?"

"ಇರಿವಿ... ಇರಿವಿ ಕಡದೀತು," ಎಂದಳು ಸಾಯಬಮ್ಮ.

ಅವ್ವ ಗುರುತನ್ನು ನೋಡಿದಳು. ಆಮೇಲೆ ಮಗಳ ಉಗುರು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಾಯಬಮ್ಮನಿಗೆ ತಡೆಯಲಾಗಲಿಲ್ಲ.

"ನಾನ ಚೂಟೀನಿ ಯವ್ವ," ಎಂದು ಅಳತೊಡಗಿದಳು. "ಸಾಲಿಗಿ ಹೋಗ್ಬೇಕಿತ್ತು ನನಗ. ಕೋಲಾಟ ಇತ್ತು. ನೀ ಈ ಕ್ಲಾಸಿಗಿ ಹೋಗಿದ್ದಕ್ಕ ನನ್ನ ಸಾಲಿ ತಪ್ತು."

ಬಾಲಮ್ಮ ಕೂಸಿನ ಮೈ ಒರೆಸಿದಳು. ಗುರುತಿನ ಮೇಲೆ ಕೊಬ್ಬರಿ ಎಣ್ಣೆ ಸವರಿದಳು.

"ಸರ್ಟಿಫಿಕೇಟ್ ತೋರ್ಸಿದ್ರ ತಂತಿ ಸುತ್ತೋ ವೈಂಡಿಂಗ್ ಅಂಗಡಿ ಯೂನುಸ್ ನಮ್ಮ ಮನಿಗೇ ಮೋಟಾರ್ ಕಳಿಸ್ತೀನಿ ಅಂದಿದ್ದ," ಎಂದಳು ಮೆಲ್ಲಗೆ. "ಕೂಸು ತೊಟ್ಲದಾಗ, ನಾ ತೊಟ್ಲದ ಮಗ್ಗಲಕ್ಕ, ನೀ ಸಾಲ್ಯಾಗ. ಹಂಗಂತ ಲೆಕ್ಕ ಹಾಕಿದ್ದೆ. ನಿನಗ ಹೇಳ್ಬೇಕಿತ್ತು. ಹೇಳಲಿಲ್ಲ."

ಸಾಯಬಮ್ಮ ಕಣ್ಣೊರೆಸಿಕೊಂಡಳು. ಐವತ್ಮೂರರ ಮಾತು ಬಾಯಿಯವರೆಗೂ ಬಂತು. ಆದರೆ ಅದನ್ನು ಹೇಳಲಾಗದೆ ಮುಖ ತಿರುಗಿಸಿದಳು.

ಸೋಮವಾರ ನಸುಕಿನಲ್ಲಿ ಬಸ್ಸಮ್ಮನ ಟಂಟಂ ಬಂದು ನಿಂತಿತು. ಬಾಲಮ್ಮ ಗದ್ದೆಗೆ ಇಳಿದಳು. ಸಾಯಬಮ್ಮ ಕಾಲುವೆ ದಂಡೆಯ ಮೇಲೆ ಕೂತಳು. ಹಳೆಯ ಸೀರೆಯ ಒಂದು ತುದಿಯನ್ನು ಅವ್ವ ಈಶಪ್ಪನ ಸೊಂಟಕ್ಕೆ ಕಟ್ಟಿದ್ದಳು, ಇನ್ನೊಂದನ್ನು ಮಗಳ ಸೊಂಟಕ್ಕೆ. ಕೆಳಗೆ ಕಾಲುವೆಯ ಕೆಂಪು ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಕೂಸು ಮಗ್ಗುಲು ಬದಲಿಸಿದಾಗಲೆಲ್ಲ ಅವಳು ಸೀರೆಯನ್ನು ಎಳೆದು ಹಿಡಿಯುತ್ತಿದ್ದಳು. ಮಧ್ಯಾಹ್ನ ಕಣ್ಣು ಎಳೆದರೂ ಅವಳು ಮಲಗಲಿಲ್ಲ. ಹೀಗೆ ಹನ್ನೆರಡು ದಿನ ನಡೆಯಿತು. ಕೋಲಾಟದ ಹುಡುಗಿಯರು ಸುರಪುರಕ್ಕೆ ಹೋಗಿ ಬಂದ ಸುದ್ದಿಯನ್ನೂ ಅವಳು ಅಲ್ಲೇ ಕೂತು ಕೇಳಿದಳು.

ಹದಿಮೂರನೆಯ ದಿನ ಸಂಜೆ, ಕೆಸರು ಒಣಗಿದ ಕಾಲಿನಲ್ಲೇ ಬಾಲಮ್ಮ ನಡುಮನೆಯಲ್ಲಿ ಕೂತಳು. ನಜೀಮಾ ಟೀಚರ್ ಕಳಿಸಿದ್ದ ಹಳೆಯ ಅಚ್ಚು, ಸುಟ್ಟ ಮೋಟಾರಿನಿಂದ ಬಿಚ್ಚಿದ ಕಪ್ಪು ತಂತಿ. ಬೇರೇನೂ ಇರಲಿಲ್ಲ. ಬ್ಯಾಚು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವಳು ಸುತ್ತತೊಡಗಿದಳು.

"ಮೂವತ್ನಾಕು... ಮೂವತ್ತೈದು... ಮೂವತ್ತಾರು..."

ತೊಟ್ಟಿಲಲ್ಲಿ ಈಶಪ್ಪ ಕಿಟಾರನೆ ಕಿರುಚಿದ. ಬಾಲಮ್ಮನ ಕೈ ನಿಂತಿತು. ಏಳಲು ನೆಲಕ್ಕೆ ಅಂಗೈ ಊರಿದಳು.

"ನೀ ಏಳಬ್ಯಾಡ," ಎಂದಳು ಸಾಯಬಮ್ಮ. ಅಷ್ಟರಲ್ಲಿ ಅವಳು ತಮ್ಮನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಿದ್ದಳು. "ಮೂವತ್ತಾರು ಯವ್ವ. ಮೂವತ್ತಾರಕ್ಕ ನಿಂತದ."

ಅವ್ವ ತಲೆಯೆತ್ತಿ ಅವಳನ್ನು ನೋಡಿದಳು. ಸಾಯಬಮ್ಮ ಈ ಸಲ ಮುಖ ತಿರುಗಿಸಲಿಲ್ಲ.

ಅವಳು ಕೂಸಿನ ಬೆನ್ನು ತಟ್ಟುತ್ತ ಅಂಗಳಕ್ಕೆ ಬಂದಳು. ಒಳಗಿನಿಂದ ದನಿ ಕೇಳುವವರೆಗೂ ಅಲ್ಲೇ ನಿಂತಳು.

"ಮೂವತ್ತೇಳು..."